ಗೋಡೆಯ ನಡುವೆ ದೇವರ ಮನೆ ಬಾಗಿಲಿದ್ದರೆ ಟೀವಿ, ಸ್ಪೀಕರ್ ಎಲ್ಲಿಡುವುದು?

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಮನೆಯ ಹಾಲ್ 11 ಅಡಿ ಅಗಲ, 16 ಅಡಿ ಉದ್ದ. ಉದ್ದನೆಯ ಗೋಡೆಯೊಂದರ ನಟ್ಟನಡುವೆ ದೇವರ ಮನೆಯ ಬಾಗಿಲು. ಅದರ ಎದುರು ಗೋಡೆಯಲ್ಲಿ ಪಶ್ಚಿಮಕ್ಕೆ ಎರಡು ಕಿಟಕಿ. ಗಿಡ್ಡ ಗೋಡೆಗಳಲ್ಲಿ ಒಂದರಲ್ಲಿ ತಲೆಬಾಗಿಲು, ಇನ್ನೊಂದರ ತುದಿಯಲ್ಲಿ ಅಡುಗೆಮನೆಗೆ ಹೋಗುವ ದಾರಿ. ಸರಸ್ವತಿಪುರಂ, ಕುವೆಂಪುನಗರದಲ್ಲಿ, ಮಂಡ್ಯದ ನೆಂಟರ ಮನೆಗಳಲ್ಲಿ, ನಾನು ನೋಡಿದ ಹಾಲ್‌ಗಳು ಹೆಚ್ಚುಕಡಿಮೆ ಹೀಗೇ ಇವೆ. ನಾಲ್ಕು ಗೋಡೆಗೂ ಒಂದೊಂದು ಕೆಲಸ ಮೊದಲೇ ಹಂಚಿಹೋಗಿದೆ. ಟೀವಿಗೆ ಅಂತ ಒಂದು ಗೋಡೆ ಉಳಿದಿರುವುದಿಲ್ಲ.

ಅಪ್ಪ ಮನೆ ಕಟ್ಟಿಸಿದಾಗ ರೇಡಿಯೊ ಇಡಲೆಂದು ದೇವರ ಮನೆ ಬಾಗಿಲ ಪಕ್ಕದಲ್ಲಿ ಆಳೆತ್ತರದ ಗೂಡು ಬಿಡಿಸಿ, ಅಲ್ಲೇ ಒಂದು ಪ್ಲಗ್ ಪಾಯಿಂಟ್ ಹಾಕಿಸಿದ್ದರು. ಈ ಊರಿನಲ್ಲಿ ರೇಡಿಯೊಗೆ ಅಂಥ ಗೌರವದ ಜಾಗ ಸಿಕ್ಕಿದ್ದು ಸಹಜವೇ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ ಊರಿದು. ಆ ಪುಟ್ಟ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ರೇಡಿಯೊಗೂ ಬಂತು. ರೇಡಿಯೊ ಎತ್ತರದಲ್ಲಿದ್ದರೆ ತೊಂದರೆ ಇರಲಿಲ್ಲ, ಅದಕ್ಕೆ ಬೇಕಾದದ್ದು ಕಿವಿ ಮಾತ್ರ. ಟೀವಿ ಬಂದಾಗ ನಾವು ಅದನ್ನೂ ಅದೇ ಪ್ಲಗ್ಗಿನ ಪಕ್ಕ, ಅದೇ ಎತ್ತರಕ್ಕೆ ಏರಿಸಿದೆವು. ಅಮ್ಮನಿಗೆ ಕುತ್ತಿಗೆ ನೋವು ಬಂತು. ಅಪ್ಪ ಪ್ರತಿ ಮಾತಿಗೂ ‘ಏನಂದ?’ ಎಂದು ನಮ್ಮನ್ನು ಕೇಳತೊಡಗಿದರು. ಅವರಿಗೆ ಕಿವಿ ಮಂದವಾಯಿತು ಎಂದುಕೊಂಡೆವು. ಅದು ಅರ್ಧ ಸತ್ಯ. ಇನ್ನರ್ಧ, ಟೀವಿಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೆವು. ಜಾಗ ಬದಲಿಸಿದ ವಾರದಲ್ಲೇ ಅವರು ವಾಲ್ಯೂಮ್ ತಾವಾಗಿ ಇಳಿಸಿದ್ದನ್ನು ನೋಡಿ ನನಗೆ ಸಂಕಟವೂ ಆಯಿತು, ಸಮಾಧಾನವೂ ಆಯಿತು. ಆಮೇಲೆ ನೆಂಟರು, ಅಕ್ಕಪಕ್ಕದವರ ಆರೇಳು ಮನೆಗಳಲ್ಲಿ ಟೇಪು ಹಿಡಿದು ಈ ಕೆಲಸ ಮಾಡಿದ್ದೇನೆ.

ಮಡಿಕೇರಿ, ಊಟಿ ಕಡೆಯ ಹಳೆಯ ಬಂಗಲೆಗಳಲ್ಲಿ ನಡುಗೋಡೆಯನ್ನು ಅಗ್ಗಿಷ್ಟಿಕೆ ಹಿಡಿದಿರುತ್ತದೆ. ಅಲ್ಲಿಯವರಿಗೂ ಇದೇ ಪ್ರಶ್ನೆ, ಜೊತೆಗೆ ಬೆಂಕಿಯ ಕಾವು ಬೇರೆ. ಅಗ್ಗಿಷ್ಟಿಕೆಯ ಮೇಲೆ ಟೀವಿ ತೂಗುಹಾಕಿದರೆ ಬಿಸಿಗಾಳಿ ನೇರ ಅದಕ್ಕೇ ಬಡಿಯುತ್ತದೆ, ಎತ್ತರವೂ ಮಿತಿ ಮೀರುತ್ತದೆ. ಹಾಗಾಗಿ ಅಲ್ಲೂ ಟೀವಿ ಪಕ್ಕಕ್ಕೆ ಸರಿಯಬೇಕು, ಇಲ್ಲವೇ ಬೇರೆ ಗೋಡೆಗೆ ಹೋಗಬೇಕು. ಮುಂದೆ ಹೇಳುವ ಲೆಕ್ಕವೆಲ್ಲ ಆ ಮನೆಗಳಿಗೂ ಹೊಂದುತ್ತದೆ.

ಪ್ಲಗ್ ಇರುವಲ್ಲಿ ಟೀವಿ, ಟೀವಿ ಎದುರಿಗೆ ಸೋಫಾ, ಮಿಕ್ಕ ಸಂದಿಯಲ್ಲಿ ಸ್ಪೀಕರ್ ಎಂಬುದು ನಾವು ರೂಢಿಸಿಕೊಂಡ ಕ್ರಮ. ಇದನ್ನು ಬುಡಮೇಲು ಮಾಡಬೇಕು. ಜನ ಕೂರುವ ಜಾಗ ಮೊದಲು ಗೊತ್ತಾಗಲಿ. ಟೀವಿ, ಸ್ಪೀಕರ್ ಅದನ್ನು ಅನುಸರಿಸಲಿ. ವೈರಿನ ಮಾತು ಎಲ್ಲಕ್ಕಿಂತ ಕೊನೆಗೆ.

ಮೊದಲು ಹಾಳೆಯ ಮೇಲೆ

ಮಕ್ಕಳ ಗ್ರಾಫ್ ಹಾಳೆ ಒಂದು ಸಾಕು. ಒಂದು ಅಡಿಗೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡು ಹಾಲ್ ಬರೆಯಿರಿ. ಬಾಗಿಲು ಎಲ್ಲಿವೆ, ಕದ ಯಾವ ಕಡೆ ತೆರೆದುಕೊಳ್ಳುತ್ತದೆ, ಕಿಟಕಿ ಯಾವ ದಿಕ್ಕಿಗಿದೆ, ಸ್ವಿಚ್ ಬೋರ್ಡ್ ಎಲ್ಲಿದೆ, ಎಲ್ಲ ಗುರುತಿರಲಿ. ಸೋಫಾ, ದಿವಾನ, ಟೀವಿ ಸ್ಟ್ಯಾಂಡ್‌ಗಳನ್ನು ಅದೇ ಅಳತೆಯಲ್ಲಿ ರಟ್ಟಿನಲ್ಲಿ ಕತ್ತರಿಸಿಕೊಳ್ಳಿ. ಸೋಫಾ ಎತ್ತಿ ಎತ್ತಿ ಸೊಂಟ ಹಿಡಿಸಿಕೊಳ್ಳುವುದಕ್ಕಿಂತ ರಟ್ಟು ಸರಿಸುವುದು ಸುಲಭ.

ನಕ್ಷೆಯ ಮೇಲೆ ಓಡಾಡುವ ದಾರಿಗಳನ್ನೂ ಪೆನ್ಸಿಲ್ಲಿನಲ್ಲಿ ಎಳೆಯಿರಿ. ತಲೆಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ದೇವರ ಮನೆಗೆ. ಬೆಳಿಗ್ಗೆ ಮಡಿಯಲ್ಲಿ ನೈವೇದ್ಯ ಹಿಡಿದು ಹೋಗುವವರು ಸೋಫಾ ಸುತ್ತಿ ಬಳಸಿ ಹೋಗುವಂತಾಗಬಾರದು. ದಾರಿಗೆ ಎರಡೂವರೆಯಿಂದ ಮೂರು ಅಡಿ ಬಿಡಿ. ದಸರೆಗೆ ಗೊಂಬೆ ಕೂರಿಸುವ ಮನೆಯಾದರೆ ಮೆಟ್ಟಿಲು ಎಲ್ಲಿ ಬರುತ್ತದೆ ಎಂದು ಚುಕ್ಕೆಗೆರೆಯಲ್ಲಿ ಈಗಲೇ ಬರೆದಿಡಿ. ಬಹಳ ಮಂದಿ ಮರೆಯುವುದು ಇದನ್ನೇ.

ಯಾರು ಎಲ್ಲಿ ಕೂರುತ್ತಾರೆ?

ಒಂದೆರಡು ದಿನ ಸುಮ್ಮನೆ ಗಮನಿಸಿ. ಅಜ್ಜಿ ದಿವಾನದ ಮೇಲೆ ಗೋಡೆಗೆ ಒರಗಿ, ಮಕ್ಕಳು ನೆಲದ ಮೇಲೆ, ಮನೆಯಾಕೆ ಅವರೆಕಾಯಿ ಸುಲಿಯುತ್ತಾ ಚಾಪೆಯ ಮೇಲೆ, ಹೀಗಿರುತ್ತದೆ ನಮ್ಮ ಮನೆಗಳ ಸಂಜೆ. ಎಲ್ಲರೂ ಸೋಫಾದಲ್ಲೇ ಕೂರುತ್ತಾರೆಂದು ಭಾವಿಸಿ ಬರೆದ ಅಳತೆಗಳು ಇಲ್ಲಿಗೆ ಸರಿಹೊಂದುವುದಿಲ್ಲ. ಟೇಪು ಹಿಡಿದು ನೆಲದಿಂದ ಕಣ್ಣಿನವರೆಗೆ ಅಳೆಯಿರಿ. ಸೋಫಾದಲ್ಲಿ ಕೂತವರದು ಸುಮಾರು 40 ಇಂಚು ಬರುತ್ತದೆ, ಚಾಪೆಯ ಮೇಲೆ ಕೂತವರದು 28ರಿಂದ 30. ಕಿವಿಯೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುವುದರಿಂದ ಈ ಎರಡು ಅಂಕಿಗಳು ಕೊನೆಯವರೆಗೂ ಬೇಕಾಗುತ್ತವೆ. ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದುಕೊಳ್ಳಿ.

ಯಾವ ಗೋಡೆ?

ದೇವರ ಮನೆ ಬಾಗಿಲಿರುವ ಗೋಡೆಯಲ್ಲೇ, ಬಾಗಿಲ ಪಕ್ಕಕ್ಕೆ ಟೀವಿ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. 16 ಅಡಿ ಗೋಡೆಯಲ್ಲಿ ಬಾಗಿಲು ಮೂರಡಿ ಹೋದರೆ ಒಂದೊಂದು ಕಡೆ ಆರೂವರೆ ಅಡಿ ಉಳಿಯುತ್ತದೆ, ಟೀವಿಗೆ ಜಾಗವಿದೆ. ಆದರೆ ನಮ್ಮ ಹಾಲ್ ಆ ದಿಕ್ಕಿಗೆ ಬರೀ 11 ಅಡಿ, ಎದುರು ಗೋಡೆಗೆ ಸೋಫಾ ಒತ್ತಿದರೂ ಇಕ್ಕಟ್ಟು. ಮನೆಯವರು ಕಾಲು ಚಾಚಿದರೆ ದೇವರ ಕಡೆಗೇ ಚಾಚಿದಂತಾಗುತ್ತದೆ. ಹಿರಿಯರಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ, ಅವರು ಹೇಳದಿದ್ದರೂ ಮನಸ್ಸಿಗೆ ಒಗ್ಗದೆ ಒಳಗೇ ಕೊರಗುತ್ತಾರೆ. ನಂದಾದೀಪದ ಎಣ್ಣೆಯ ಜಿಡ್ಡು, ಊದುಬತ್ತಿ, ಸಾಂಬ್ರಾಣಿಯ ಹೊಗೆ ಹೊರಬರುವುದೂ ಆ ಬಾಗಿಲಿಂದಲೇ. ಪರದೆಯ ಮೇಲೆ, ಟೀವಿ ಹಿಂಬದಿಯ ಗಾಳಿ ಕಿಂಡಿಗಳಲ್ಲಿ, ಸ್ಪೀಕರಿನ ಬಟ್ಟೆಯಲ್ಲಿ ಅದು ಧೂಳಿನೊಡನೆ ಅಂಟಿಕೊಳ್ಳುತ್ತದೆ. ಆ ಗೋಡೆಯೇ ಗತಿ ಎನ್ನುವವರು ಬಾಗಿಲ ಚೌಕಟ್ಟಿನಿಂದ ಎಷ್ಟು ಸಾಧ್ಯವೋ ಅಷ್ಟು ದೂರ ಸರಿಸಿ, ಮೂರು ಅಡಿಗೆ ಕಡಿಮೆ ಬೇಡ.

ಎದುರು ಗೋಡೆಗೆ ಹಾಕಿದರೆ ಕಾಲು ಚಾಚುವ ಚಿಂತೆ ಇಲ್ಲ, ಆದರೆ ಎಲ್ಲರೂ ದೇವರಿಗೆ ಬೆನ್ನು ಹಾಕಿ ಕೂರುತ್ತಾರೆ. ಸಂಜೆ ದೀಪ ಹಚ್ಚಿದಾಗ ಆ ಜ್ಯೋತಿ ಕಪ್ಪು ಪರದೆಯಲ್ಲಿ ಚುಕ್ಕಿಯಾಗಿ ಕುಣಿಯುತ್ತದೆ. ಆ ಗೋಡೆಯಲ್ಲಿ ಕಿಟಕಿಗಳಿದ್ದರಂತೂ ಬೆಳಕು ಕಣ್ಣಿಗೆ ಹೊಡೆದು ಟೀವಿಯ ಚಿತ್ರ ಮಂಕಾಗುತ್ತದೆ.

ಬಾಗಿಲ ಮೇಲ್ಗಡೆ ಹಾಕೋಣ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಬಾಗಿಲು 7 ಅಡಿ, ಅಂದರೆ 84 ಇಂಚು. ಅದರ ಮೇಲೆ ನಾಲ್ಕು ಇಂಚು ಬಿಟ್ಟು 43 ಇಂಚಿನ ಟೀವಿ ಹಾಕಿದರೆ ಪರದೆಯ ನಡುಬಿಂದು 99 ಇಂಚಿಗೆ ಬರುತ್ತದೆ. ಕಣ್ಣು 40 ಇಂಚಿನಲ್ಲಿದೆ. ಎಂಟು ಅಡಿ ದೂರ ಕೂತು ನೋಡಿದರೆ 30 ಡಿಗ್ರಿಗಿಂತ ಹೆಚ್ಚು ಕತ್ತೆತ್ತಬೇಕು. 15 ಡಿಗ್ರಿಯೊಳಗಿದ್ದರೆ ಕುತ್ತಿಗೆಗೆ ಹಿತ. ಎರಡು ಗಂಟೆಯ ಸಿನಿಮಾವನ್ನು ಇದರ ದುಪ್ಪಟ್ಟು ಕತ್ತೆತ್ತಿ ನೋಡಿ ಎಂದು ವಯಸ್ಸಾದವರಿಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಉಳಿದದ್ದು ಗಿಡ್ಡ ಗೋಡೆ. ಅಡುಗೆಮನೆ ದಾರಿಯ ಮೂರಡಿ ಕಳೆದು ನಮಗೆ ಅಲ್ಲಿ ಎಂಟು ಅಡಿ ಖಾಲಿ ಗೋಡೆ ಸಿಕ್ಕಿತು. ಅಲ್ಲಿಗೆ ಟೀವಿ ಹೋದಾಗ ದೇವರ ಮನೆ ಮಗ್ಗುಲಿಗೆ ಬಂತು. ಕಾಲೂ ಇಲ್ಲ, ಬೆನ್ನೂ ಇಲ್ಲ. ಕಿಟಕಿಗಳು ಇನ್ನೊಂದು ಮಗ್ಗುಲಿಗೆ ಬಂದವು. ಟೀವಿಗೆ ಕಿಟಕಿ ಎದುರಿಗೂ ಇರಬಾರದು, ಹಿಂದೆಯೂ ಇರಬಾರದು, ಪಕ್ಕದಲ್ಲಿದ್ದರೆ ಒಳ್ಳೆಯದು. ಸಂಜೆ ನಾಲ್ಕರ ಮೇಲೆ ಪಶ್ಚಿಮದ ಬಿಸಿಲು ಓರೆಯಾಗಿ ಬೀಳುತ್ತದೆ, ಅದಕ್ಕೆ ಕಿಟಕಿಗೊಂದು ದಪ್ಪ ಬಟ್ಟೆಯ ಪರದೆ ಸಾಕು. ಆ ಪರದೆಯೇ ಮುಂದೆ ಶಬ್ದಕ್ಕೂ ನೆರವಾಗುತ್ತದೆ. ಹಾಲಿನ ಉದ್ದ ಈಗ ನೋಟದ ದಿಕ್ಕಿಗೆ ಒದಗಿತು. ತಲೆಬಾಗಿಲಿಂದ ಅಡುಗೆಮನೆಗೆ ಹೋಗುವವರು ದೇವರ ಮನೆ ಗೋಡೆಯ ಪಕ್ಕದ ಮೂರಡಿಯಲ್ಲೇ ನಡೆದುಹೋಗುತ್ತಾರೆ, ಯಾರೂ ಟೀವಿಗೆ ಅಡ್ಡ ಬರುವುದಿಲ್ಲ.

ಟೀವಿ ಆ ಎಂಟು ಅಡಿಯೊಳಗೆ ಸರಿದಾಗ ಇಡೀ ಹಾಲಿನ ಮಧ್ಯಕ್ಕೆ ಬರುವುದಿಲ್ಲ, ಕಿಟಕಿ ಕಡೆಗೆ ವಾಲುತ್ತದೆ. ಕಣ್ಣಿಗೆ ಮೊದಲು ಎರಡು ದಿನ ಅದು ಸೊಟ್ಟ ಅನ್ನಿಸುತ್ತದೆ. ಸೋಫಾವನ್ನೂ ಅಷ್ಟೇ ಕಿಟಕಿ ಕಡೆಗೆ ಸರಿಸಿ. ಟೀವಿಯ ನಡುವಿನಿಂದ ಎಳೆದ ಗೆರೆ ಸೋಫಾದ ನಡುವಿಗೆ ಬರಬೇಕು. ಹಾಲಿನ ಮಧ್ಯಕ್ಕೆ ಅದು ಬಾರದಿದ್ದರೆ ಏನೂ ಕೆಡುವುದಿಲ್ಲ.

ಎತ್ತರ, ದೂರ

ಟೀವಿಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ. ಆ ಇಂಚನ್ನು 1.6ರಿಂದ ಗುಣಿಸಿದರೆ ಹಿತವಾದ ದೂರ ಇಂಚಿನಲ್ಲಿ ಸಿಗುತ್ತದೆ. 43 ಇಂಚಿಗೆ ಸುಮಾರು 6 ಅಡಿ, 55ಕ್ಕೆ ಏಳು, ಏಳೂವರೆ, 65ಕ್ಕೆ ಒಂಬತ್ತರ ಹತ್ತಿರ. ಪರದೆ ನಿಮ್ಮ ನೋಟದ 30 ಡಿಗ್ರಿಯಷ್ಟನ್ನು ತುಂಬುವ ಲೆಕ್ಕ ಇದು. ಬರೀ ವಾರ್ತೆ, ಧಾರಾವಾಹಿ ನೋಡುವವರು ಇನ್ನೂ ಎರಡು ಅಡಿ ಹಿಂದೆ ಕೂತರೂ ನಷ್ಟವಿಲ್ಲ. ನಮಗೆ ಸೋಫಾ ಏಳು ಅಡಿಗೆ ಬಂದದ್ದರಿಂದ 55 ಇಂಚಿನದು ಸರಿಹೋಯಿತು. ಸೋಫಾದ ಹಿಂದೆ ಇನ್ನೂ ಜಾಗ ಉಳಿಯಿತು, ಅಲ್ಲಿ ಅಪ್ಪನ ಪುಸ್ತಕದ ಬೀರು ನಿಂತಿದೆ.

ಸೋಫಾದವರಿಗೂ ಚಾಪೆಯವರಿಗೂ ಹೊಂದುವ ಎತ್ತರ ಬೇಕಾದರೆ ಪರದೆಯ ನಡುಬಿಂದುವನ್ನು 40 ಇಂಚಿನ ಹತ್ತಿರ ಇಡಿ. 55 ಇಂಚಿನ ಟೀವಿಯ ಎತ್ತರ ಸುಮಾರು 27 ಇಂಚು, ಹಾಗಾಗಿ ಅದರ ಕೆಳ ಅಂಚು ನೆಲದಿಂದ 26, 27 ಇಂಚಿಗೆ ಬರುತ್ತದೆ. ಅಂಗಡಿಯಿಂದ ಬಂದ ಹುಡುಗರು ನಿಂತುಕೊಂಡೇ ಗೋಡೆಗೆ ಗುರುತು ಹಾಕುತ್ತಾರೆ, ಅವರ ಕಣ್ಣಳತೆಗೆ ನಾಲ್ಕೂವರೆ ಐದಡಿ ಸರಿಯೆನಿಸುತ್ತದೆ. ಟೀವಿಯ ಅಳತೆಗೆ ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ, ಗೋಡೆಗೆ ತೂಗುಹಾಕಿ, ಒಂದು ದಿನ ಅದನ್ನೇ ನೋಡುತ್ತಾ ಕೂತು ನಿರ್ಧರಿಸಿ. ಡ್ರಿಲ್ ಆಮೇಲೆ.

ಮಾತು ಯಾಕೆ ಕೇಳಿಸುವುದಿಲ್ಲ

ಸ್ಪೀಕರ್ ಇಡುವ ಮೊದಲು ಈ ವಿಷಯ ಅರ್ಥವಾಗಬೇಕು, ಏಕೆಂದರೆ ದುಡ್ಡು ಪೋಲಾಗುವುದು ಇಲ್ಲೇ.

ಕನ್ನಡದ ಯಾವುದೇ ಪದ ತೆಗೆದುಕೊಳ್ಳಿ. ಹತ್ತು, ಸುತ್ತು, ಕುತ್ತು, ಮುತ್ತು. ಇವುಗಳಲ್ಲಿ ಗಟ್ಟಿಯಾಗಿ ಮೊಳಗುವುದು ಅ, ಉ ಎಂಬ ಸ್ವರಗಳು. ಅರ್ಥವನ್ನು ಬೇರೆ ಮಾಡುವುದು ಹ, ಸ, ಕ, ಮ ಎಂಬ ಕ್ಷಣಮಾತ್ರದ ವ್ಯಂಜನಗಳು. ಸ, ಶ, ತ, ಕದಂಥವುಗಳ ಸದ್ದು ಸಣ್ಣದು, ತೀಕ್ಷ್ಣವಾದದ್ದು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ತೀಕ್ಷ್ಣ ಸದ್ದುಗಳನ್ನೇ. ನಮ್ಮ ಹಾಲ್‌ನಲ್ಲಿ ಗಾರೆ ನೆಲ ಅಥವಾ ಟೈಲ್ಸ್, ನುಣುಪು ಗೋಡೆ, ಗಾಜಿನ ಶೋಕೇಸ್. ಸ್ವರಗಳು ಇವಕ್ಕೆಲ್ಲ ಬಡಿದು ಮರಳಿ ಮರಳಿ ಬಂದು ಮುಂದಿನ ವ್ಯಂಜನದ ಮೇಲೆ ಬೀಳುತ್ತವೆ. ವಾಲ್ಯೂಮ್ ಏರಿಸಿದರೆ ಆ ಮಾರ್ದನಿಯೂ ಅಷ್ಟೇ ಏರುತ್ತದೆ. ಮನೆಯೆಲ್ಲ ಗದ್ದಲ ತುಂಬಿದ ಮೇಲೂ ಅಪ್ಪ ‘ಏನಂದ?’ ಎಂದು ಕೇಳುತ್ತಿದ್ದುದಕ್ಕೆ ಕಾರಣ ಇದು.

ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲೇ ಸತ್ತರೆ ಒಳ್ಳೆಯದು. ತಟ್ಟಿದ ಮೇಲೂ ‘ಝರ್ರ್’ ಎಂದು ನಡುಗುತ್ತಾ ಎಳೆದರೆ ಎದುರುಬದುರಾದ ಎರಡು ಬರಿ ಗೋಡೆಗಳ ನಡುವೆ ಶಬ್ದ ಚೆಂಡಿನಂತೆ ಓಡಾಡುತ್ತಿದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸದ ಕೊಠಡಿಯೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ವ್ಯಾಲೇಸ್ ಸಬೈನ್ ಎಂಬ ಯುವ ಪ್ರಾಧ್ಯಾಪಕರು ಹತ್ತಿರದ ರಂಗಮಂದಿರದಿಂದ ಕುರ್ಚಿ ದಿಂಬುಗಳನ್ನು ಹೊರಿಸಿ ತಂದು, ಒಂದೊಂದಾಗಿ ಒಳಗಿಡುತ್ತಾ, ಮಾರ್ದನಿ ಎಷ್ಟೆಷ್ಟು ಕುಗ್ಗುತ್ತದೆ ಎಂದು ರಾತ್ರಿಯೆಲ್ಲ ಅಳೆದರು. ಕಟ್ಟಡಗಳ ಶಬ್ದಶಾಸ್ತ್ರ ಹುಟ್ಟಿದ್ದು ಆ ದಿಂಬುಗಳಿಂದ. ನಮಗೂ ಬೇಕಾದದ್ದು ಅದೇ: ಜಮಖಾನ, ದಪ್ಪ ಪರದೆ, ಬಟ್ಟೆ ಹೊದಿಕೆಯ ಸೋಫಾ, ಪುಸ್ತಕ ತುಂಬಿದ ಬೀರು.

ಮಂಡ್ಯದಲ್ಲಿ ನಮ್ಮ ಸೋದರತ್ತೆಯದು ಹೊಸ ಮನೆ. ನೆಲಕ್ಕೆ ಕನ್ನಡಿಯಂಥ ಟೈಲ್ಸ್, ಮರದ ಕುರ್ಚಿಗಳು, ಕಿಟಕಿಗೆ ಪರದೆಯಿಲ್ಲ. ಟೀವಿಯ ಕೆಳಗಿಡುವ ಉದ್ದನೆಯ ಸ್ಪೀಕರ್ ಪಟ್ಟಿ, ಅಂದರೆ ಸೌಂಡ್‌ಬಾರ್ ತಂದ ತಿಂಗಳಿಗೆ ಫೋನ್ ಮಾಡಿದರು. ‘ದುಡ್ಡು ಕೊಟ್ಟು ಗದ್ಲ ತಂದಂಗಾಯ್ತು ಕಣ್ಲಾ, ಒಂದು ಮಾತೂ ತಿಳೀವಲ್ದು’ ಎಂದರು. ಹೋಗಿ ನೋಡಿದೆ. ಮದುವೆ ಮನೆಗೆಂದು ಅಟ್ಟದ ಮೇಲಿಟ್ಟಿದ್ದ ಎರಡು ದೊಡ್ಡ ಜಮಖಾನ ಇಳಿಸಿ, ಟೀವಿಗೂ ಕುರ್ಚಿಗೂ ನಡುವೆ ಹಾಸಿದೆವು. ಕಿಟಕಿಗೆ ನೆರಿಗೆ ತುಂಬಿದ ದಪ್ಪ ಹತ್ತಿ ಪರದೆ ಬಂತು. ಶೋಕೇಸಿನ ಖಾನೆಯೊಳಗೆ ತುರುಕಿದ್ದ ಸೌಂಡ್‌ಬಾರನ್ನು ಹೊರತೆಗೆದು ಟೀವಿಯ ಕೆಳಗೆ ಹಲಗೆಯ ಮುಂದಿನ ಅಂಚಿಗೆ ತಂದೆ. ಹೊಸದೇನೂ ಕೊಳ್ಳಲಿಲ್ಲ, ಪರದೆ ಬಟ್ಟೆಯೊಂದನ್ನು ಬಿಟ್ಟು. ಅತ್ತೆಗೆ ಈಗ ವಾರ್ತೆ ಓದುವವರ ಮಾತು ಅಡುಗೆಮನೆಗೂ ಬಿಡಿಬಿಡಿಯಾಗಿ ಕೇಳುತ್ತದೆ.

ಸ್ಪೀಕರ್ ಇಡುವುದು

ಸೌಂಡ್‌ಬಾರ್ ಸಾಕು ಎನ್ನುವವರಿಗೆ ಹೇಳಬೇಕಾದ್ದು ಕಡಿಮೆ. ಖಾನೆಯೊಳಗೆ ಇಡಬೇಡಿ, ಹಲಗೆಯ ಅಂಚಿಗೆ ಬರಲಿ, ರಿಮೋಟಿನ ಕಣ್ಣಿಗೆ ಅಡ್ಡ ಬರದಿರಲಿ. ಟೀವಿಯಲ್ಲಿ ‘ಎಆರ್‌ಸಿ’ ಎಂದು ಬರೆದ ಎಚ್‌ಡಿಎಂಐ ಕಿಂಡಿಗೇ ಸಿಕ್ಕಿಸಿ, ಒಂದೇ ರಿಮೋಟಿನಲ್ಲಿ ಎಲ್ಲ ನಡೆಯುತ್ತದೆ. ಶಬ್ದವನ್ನು ಸೂರಿಗೆ ಹೊಡೆದು ಕೆಳಗಿಳಿಸುವ ದುಬಾರಿ ಮಾದರಿಗಳು ಬೇಕೋ ಎಂದು ನಿರ್ಧರಿಸುವ ಮುನ್ನ ತಲೆಯೆತ್ತಿ ನೋಡಿ. ಸಪಾಟಾದ ತಾರಸಿ ಇದ್ದರೆ ಅವು ಕೆಲಸ ಮಾಡುತ್ತವೆ. ಹೆಂಚಿನ ಇಳಿಜಾರು ಸೂರಿಗೆ, ತೊಟ್ಟಿ ಮನೆಯ ತೆರೆದ ಅಂಗಳಕ್ಕೆ ಆ ಖರ್ಚು ವ್ಯರ್ಥ.

ಎರಡು ಬಿಡಿ ಸ್ಪೀಕರ್ ಇಡುವವರಿಗೆ ಸ್ವಲ್ಪ ತಾಳ್ಮೆ ಬೇಕು, ಅದರ ಸುಖವೂ ದೊಡ್ಡದು. ಎರಡು ಸ್ಪೀಕರ್, ಕೇಳುವವರ ತಲೆ, ಈ ಮೂರೂ ಸೇರಿ ತ್ರಿಕೋನ ಆಗಬೇಕು. ಸಂಗೀತಕ್ಕೆ ಮೂರು ಬಾಹುಗಳೂ ಸಮ ಇದ್ದರೆ ಉತ್ತಮ. ಟೀವಿ, ಸಿನಿಮಾಕ್ಕೆ ನಡುಗೆರೆಯಿಂದ ಎರಡೂ ಕಡೆ 22ರಿಂದ 30 ಡಿಗ್ರಿಯೊಳಗೆ ಬಂದರೆ ಸಾಕು. ನಮ್ಮಲ್ಲಿ ಸ್ಪೀಕರುಗಳ ನಡುವೆ ಐದೂವರೆ ಅಡಿ, ಸೋಫಾಕ್ಕೆ ಏಳು ಅಡಿ. 22ಕ್ಕೆ ಕೂದಲೆಳೆ ಕಡಿಮೆ ಬಂದಿದೆ, ಗೋಡೆ ಅಷ್ಟೇ ಇರುವಾಗ ಅಷ್ಟಕ್ಕೆ ಒಪ್ಪಿಕೊಂಡೆ.

ದೂರ ಅಳೆಯಲು ದಾರವೇ ಸಾಕು. ಸೋಫಾದ ನಡುವೆ ತಲೆ ಇರುವ ಜಾಗದಲ್ಲಿ ಒಬ್ಬರು ದಾರದ ತುದಿ ಹಿಡಿಯಲಿ. ಇನ್ನೊಂದು ತುದಿಯನ್ನು ಎಡ ಸ್ಪೀಕರಿನ ಮುಖಕ್ಕೆ ಮುಟ್ಟಿಸಿ ಗಂಟು ಹಾಕಿ, ಅದೇ ಗಂಟು ಬಲ ಸ್ಪೀಕರಿಗೂ ಮುಟ್ಟುತ್ತದೆಯೇ ನೋಡಿ. ಶಬ್ದ ಒಂದು ಅಡಿ ದಾಟಲು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಹೊತ್ತು ಹಿಡಿಯುತ್ತದೆ. ಇಷ್ಟೇ ತಾನೇ ಅನ್ನಿಸಬಹುದು. ಆದರೆ ಮೊದಲು ತಲುಪಿದ ಸದ್ದಿನ ಕಡೆಗೇ ನಮ್ಮ ಕಿವಿ ತಿರುಗುತ್ತದೆ. ಒಂದು ಸ್ಪೀಕರ್ ಅಡಿಯಷ್ಟು ಹತ್ತಿರವಿದ್ದರೂ ಹಾಡುವವರು ಪರದೆಯ ನಡುವಿಂದ ಎದ್ದು ಆ ಬದಿಗೆ ಹೋಗಿ ಕೂತಂತೆ ಕೇಳುತ್ತದೆ.

ಸ್ಪೀಕರಿನಲ್ಲಿ ತೀಕ್ಷ್ಣ ಸದ್ದು ಹೊರಡುವ ಸಣ್ಣ ಗುಂಡು, ಅಂದರೆ ಟ್ವೀಟರ್, ಕಿವಿಯ ಮಟ್ಟಕ್ಕೆ ಬರಲಿ. ಶೋಕೇಸಿನ ನೆತ್ತಿಯ ಮೇಲೆ ಇಟ್ಟರೆ ವ್ಯಂಜನಗಳು ತಲೆಯ ಮೇಲೆ ಹಾರಿಹೋಗುತ್ತವೆ. 36 ಇಂಚಿಗೆ ಬಂದರೆ ಸೋಫಾದವರಿಗೂ ನೆಲದವರಿಗೂ ನ್ಯಾಯ. ಮುಖವನ್ನು ಸೋಫಾ ಕಡೆಗೆ ಸ್ವಲ್ಪ ಓರೆ ಮಾಡಿ. ಹಿಂದಿನ ಗೋಡೆಯಿಂದ ಅರ್ಧದಿಂದ ಒಂದು ಅಡಿ ಮುಂದಕ್ಕಿರಲಿ, ಮೂಲೆಯಿಂದ ಒಂದೂವರೆ ಅಡಿಯಾದರೂ ದೂರವಿರಲಿ. ಗೋಡೆಗೆ ಹತ್ತಿರವಾದಷ್ಟೂ ಮಂದ್ರ ಸದ್ದು, ಅಂದರೆ ಬೇಸ್, ಉಬ್ಬುತ್ತದೆ, ಮೂಲೆಯಲ್ಲಿ ಎರಡು ಗೋಡೆ ಸೇರಿ ಇನ್ನಷ್ಟು ಉಬ್ಬಿಸುತ್ತವೆ. ಮೃದಂಗದ ಎಡಗೈ ಪೆಟ್ಟು ‘ಗುಂ’ ಎಂದು ಒಂದೇ ಸಮ ಮೊರೆಯುತ್ತದೆ. ನಮ್ಮಲ್ಲಿ ಕಿಟಕಿ ಕಡೆಯ ಸ್ಪೀಕರ್ ಮೂಲೆಯ ಪಕ್ಕ, ಇನ್ನೊಂದು ತೆರೆದ ದಾರಿಯ ಪಕ್ಕ ಇರುವುದರಿಂದ ಈ ಏರುಪೇರು ಬಂತು. ಮೂಲೆಯದರ ಹಿಂಬದಿಯ ರಂಧ್ರಕ್ಕೆ ಸ್ಪಂಜಿನ ತುಂಡು ಸಡಿಲವಾಗಿ ತುರುಕಿದ ಮೇಲೆ ಬಹುಪಾಲು ಸರಿಹೋಯಿತು.

ಜಮಖಾನ, ಪರದೆ ಎಲ್ಲಿದ್ದರೆ ಹೆಚ್ಚು ಲಾಭ ಎಂದು ತಿಳಿಯಲು ಸೋಫಾದಲ್ಲಿ ನೀವು ಕೂತಿರಿ. ಇನ್ನೊಬ್ಬರು ಪಕ್ಕದ ಗೋಡೆಗೆ ಕೈಗನ್ನಡಿ ಒತ್ತಿ ಹಿಡಿದು, ಕಿವಿಯ ಮಟ್ಟದಲ್ಲಿ ಮೆಲ್ಲಗೆ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಾಣಿಸಿದ ಜಾಗವೇ ಶಬ್ದ ಮೊದಲು ಬಡಿದು ನಿಮ್ಮ ಕಡೆ ತಿರುಗುವ ಜಾಗ. ಅಲ್ಲಿ ಬಟ್ಟೆಯೋ ಪುಸ್ತಕವೋ ಇರಲಿ. ದೇವರ ಮನೆ ಗೋಡೆಯ ಕಡೆ ಆ ಬಿಂದು ಬಾಗಿಲ ಮೇಲೇ ಬಿದ್ದರೆ ಅದನ್ನು ಹಾಗೇ ಬಿಟ್ಟುಬಿಡಿ. ಪೂಜೆ ಮುಗಿದ ಮೇಲೂ ಕದ ತೆರೆದಿದ್ದರೆ ಶಬ್ದ ಒಳಗೆ ಹೋಗುತ್ತದೆ, ತೊಂದರೆ ಕಡಿಮೆ.

ಸಬ್‌ವೂಫರಿಗೆ, ಅಂದರೆ ಬರೀ ಮಂದ್ರ ಸದ್ದಿಗೆಂದೇ ಇರುವ ಸ್ಪೀಕರಿಗೆ, ಜಾಗ ಹುಡುಕುವ ಉಪಾಯ ವಿಚಿತ್ರವಾಗಿ ಕಂಡರೂ ಫಲ ಕೊಡುತ್ತದೆ. ಅದನ್ನು ತಾತ್ಕಾಲಿಕವಾಗಿ ನೀವು ಕೂರುವ ಸೋಫಾದ ಮೇಲೇ ಇಟ್ಟು, ಮಂದ್ರ ಚೆನ್ನಾಗಿರುವ ಹಾಡು ಹಾಕಿ. ನೀವು ಗೋಡೆಗುಂಟ ಅಂಬೆಗಾಲಿಕ್ಕುತ್ತಾ ಕಿವಿಗೊಡಿ. ಒಂದು ಕಡೆ ಮೊರೆತ, ಒಂದು ಕಡೆ ಶೂನ್ಯ, ಒಂದು ಕಡೆ ಪ್ರತಿ ಪೆಟ್ಟೂ ಬಿಡಿಯಾಗಿ ಕೇಳುತ್ತದೆ. ಬಿಡಿಯಾಗಿ ಕೇಳಿದ ಜಾಗದಲ್ಲಿ ಅದನ್ನಿಡಿ. ಅಗ್ರಹಾರದ ಕಡೆಯ ವಠಾರಗಳಂತೆ ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆಯಾದರೆ ಆ ಗೋಡೆಯಿಂದ ದೂರವಿಟ್ಟು, ಕೆಳಗೆ ದಪ್ಪ ರಬ್ಬರ್ ಚಾಪೆ ಹಾಕಿ. ಮಂದ್ರ ಸದ್ದು ಇಟ್ಟಿಗೆ ಗೋಡೆಯನ್ನು ದಾಟಿ ಹೋಗುತ್ತದೆ, ರಾತ್ರಿ ಪಕ್ಕದ ಮನೆಯ ಮಗು ಎದ್ದರೆ ಹೊಣೆ ನಮ್ಮದು.

ಹಿಂದೆಯೂ ಎರಡು ಸ್ಪೀಕರ್ ಬೇಕೆನ್ನುವವರು, ಸೋಫಾದ ಹಿಂದೆ ಮೂರಡಿಯಾದರೂ ಇಲ್ಲದಿದ್ದರೆ ಆ ಹಣವನ್ನು ಮುಂದಿನ ಎರಡಕ್ಕೇ ಹಾಕಿ.

ಗೋಡೆ ಕೊರೆಯುವ ಮೊದಲು

ಹಳೆ ಮೈಸೂರಿನ ಅನೇಕ ಮನೆಗಳ ಗೋಡೆ ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯದು. ಡ್ರಿಲ್ ಹಾಕಿದಾಗ ಪುಡಿ ಒಂದೇ ಸಮನೆ ಉದುರಿ, ತೂತು ತಾನಾಗಿ ದೊಡ್ಡದಾಗುತ್ತಾ ಹೋದರೆ ಅಲ್ಲಿ ಗಾರೆ ಸಿಕ್ಕಿದೆ, ಭಾರ ತಾಳುವುದಿಲ್ಲ. ಇಟ್ಟಿಗೆಯ ನಡುವಿಗೆ ಬರುವಂತೆ ಜಾಗ ಬದಲಿಸಿ. ಅನುಮಾನವಿದ್ದರೆ ಗೋಡೆಯ ಆಸೆ ಬಿಟ್ಟು 24 ಇಂಚಿನ ಗಟ್ಟಿ ಮೇಜಿನ ಮೇಲೆ ಟೀವಿಯ ಕಾಲಿನಲ್ಲೇ ನಿಲ್ಲಿಸಿ. ಎತ್ತರ ಸರಿಯಾಗೇ ಬರುತ್ತದೆ. ಟೀವಿಗೂ ಮೇಜಿಗೂ ಹಿಂದೆ ಒಂದೊಂದು ಪಟ್ಟಿ ಕಟ್ಟಿ ಗೋಡೆಗೆ ಬಿಗಿದರೆ ಮಕ್ಕಳು ಎಳೆದರೂ ಮಗುಚುವುದಿಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಂದೂ ಕೊರೆಯಬೇಡಿ, ವೈರು ಸಾಮಾನ್ಯವಾಗಿ ಆ ಗೆರೆಯಲ್ಲೇ ಹೋಗಿರುತ್ತದೆ.

ಟೀವಿಗೆ ಹೊಸ ಜಾಗದಲ್ಲಿ ಪ್ಲಗ್ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಅರ್ತಿಂಗ್ ಸಮೇತ ಹೊಸ ಪಾಯಿಂಟ್ ಹಾಕಿಸಿ. ಗೋಡೆ ಒಡೆಯುವುದು ಬೇಡವಾದರೆ ಕೇಸಿಂಗ್ ಪಟ್ಟಿಯೊಳಗೆ ವೈರು ಒಯ್ಯಬಹುದು. ಜಮಖಾನದ ಅಡಿಯಲ್ಲಿ ಎಕ್ಸ್‌ಟೆನ್ಷನ್ ವೈರು ಹಾಯಿಸಬೇಡಿ, ತುಳಿದು ತುಳಿದು ಒಳಗೆ ಸವೆದರೆ ಹೊರಗೆ ಗೊತ್ತೇ ಆಗುವುದಿಲ್ಲ. ಸ್ಪೀಕರಿಗೆ ಹತ್ತು ಮೀಟರಿನೊಳಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಧಾರಾಳ, ಅದಕ್ಕಿಂತ ದುಬಾರಿಯದು ಬೇಕಿಲ್ಲ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ. ಒಂದು ಸ್ಪೀಕರಿನಲ್ಲಿ ಅದಲುಬದಲಾದರೆ ಮಂದ್ರ ಮಾಯವಾಗಿ ದನಿ ಎಲ್ಲೋ ತೇಲಿದಂತಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ಗನ್ನೂ ಕೇಬಲ್ಲನ್ನೂ ಎರಡೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಎಲ್ಲ ಇಟ್ಟ ಮೇಲೆ ಕೇಳಿ ನೋಡಲು ನಾನು ಮೊದಲು ವಾರ್ತೆ ಹಾಕುತ್ತೇನೆ, ಮನೆಯ ಹಿರಿಯರನ್ನು ಅವರ ಜಾಗದಲ್ಲೇ ಕೂರಿಸಿ. ಆಮೇಲೆ ವೀಣೆ. ದೊರೆಸ್ವಾಮಿ ಅಯ್ಯಂಗಾರರ ನುಡಿಸಾಣಿಕೆಯಲ್ಲಿ ತಂತಿ ಮೀಟಿದ ಸದ್ದೂ ಅದರ ಹಿಂದೆ ಉಳಿಯುವ ನಾದವೂ ಬೇರೆಬೇರೆಯಾಗಿ ಕೇಳಬೇಕು, ವೀಣೆ ಎರಡು ಸ್ಪೀಕರಿನ ನಡುವೆ ನೆಲೆ ನಿಲ್ಲಬೇಕು. ಹಾಗಾಗದಿದ್ದರೆ ಮತ್ತೆ ದಾರ ಹಿಡಿಯುತ್ತೇನೆ.

ಇನ್ನು ದಸರೆ. ಗೊಂಬೆಯ ಮೆಟ್ಟಿಲಿಗೆ ನಮ್ಮಲ್ಲಿ ಐದಡಿ ಅಗಲ, ಮೂರೂವರೆ ಅಡಿ ಆಳ ಬೇಕು. ಪಟ್ಟದ ಗೊಂಬೆ ಕೂರುವುದು ದೇವರ ಮನೆ ಬಾಗಿಲ ಎದುರಿಗೆ, ಕಿಟಕಿ ಗೋಡೆಗೆ ಒರಗಿ. ಅಂದರೆ ಸರಿಯಾಗಿ ಸೋಫಾದ ಜಾಗದಲ್ಲಿ. ಹಾಗಾಗಿ ಆ ಹತ್ತು ದಿನ ಸೋಫಾ ಹಿಂದಕ್ಕೆ ಹೋಗುತ್ತದೆ, ಸ್ಪೀಕರುಗಳಿಗೆ ಬಟ್ಟೆ ಹೊದಿಸುತ್ತೇವೆ, ಬಂದ ಮಕ್ಕಳು ಹಾಡು ಹೇಳಿ ಬೊಂಬೆ ಬಾಗಿನ ತೆಗೆದುಕೊಂಡು ಹೋಗುತ್ತಾರೆ. ಸೋಫಾ ಸರಿಸುವ ಮುನ್ನ ಅದರ ನಾಲ್ಕು ಕಾಲುಗಳ ಬುಡಕ್ಕೂ, ಸ್ಪೀಕರ್ ಸ್ಟ್ಯಾಂಡಿನ ಮುಂದಿನ ಎರಡು ಮೂಲೆಗೂ ನೆಲದ ಮೇಲೆ ಸಣ್ಣ ಕಾಗದದ ಟೇಪು ಅಂಟಿಸಿಡಿ. ವಿಜಯದಶಮಿ ಕಳೆದು, ಗೊಂಬೆಗಳನ್ನು ಬಟ್ಟೆ ಸುತ್ತಿ ಪೆಟ್ಟಿಗೆಗೆ ಸೇರಿಸಿದ ಮೇಲೆ ಸೋಫಾದ ಕಾಲು ಆ ಗುರುತಿಗೇ ಮರಳಲಿ.